ಕಳ್ಳನಲ್ಲವೆಂಬ ಕಾಗದ

ಒಂದಾನೊಂದು ಬಯಲಿನಲ್ಲಿ, ಗೋಧಿ ಕೊಯ್ಲಾದ ಮೇಲೆ ನೆಲಕ್ಕೂ ಆಕಾಶಕ್ಕೂ ನಡುವೆ ತಂತಿಬೇಲಿಯ ಹೊರತು ಬೇರೇನೂ ಉಳಿಯದ ಕೆನಡಾದ ಬಯಲಿನಲ್ಲಿ, ವಿಲೋ ಬೆಂಡ್ ಎಂಬ ಊರಿತ್ತು. ಆ ಊರಿನಲ್ಲಿ ಓರೆಸ್ಟ್ ಬೋಡ್ನಾರ್ ಎಂಬವನಿದ್ದ. ಅವನ ಬಳಿ ಹನ್ನೊಂದು ಬೀಗದ ಕೈಗಳಿದ್ದವು. ಹನ್ನೊಂದರಲ್ಲಿ ಒಂದು ಬಾಗಿಲೂ ಅವನದಲ್ಲ.

ಚಳಿ ಶುರುವಾಯಿತೆಂದರೆ ಆ ಊರಿನ ಮುದುಕ ಮುದುಕಿಯರೆಲ್ಲ ಕಾಡುಬಾತುಗಳ ಬೆನ್ನಿಗೇ ದಕ್ಷಿಣಕ್ಕೆ, ಅರಿಜೋನಾದ ಬಿಸಿಲಿಗೆ ಹಾರಿಬಿಡುತ್ತಿದ್ದರು. ಹಾರುವ ಮುಂಚೆ ಕೀ ಓರೆಸ್ಟನ ಕೈಗೆ. ಎರಡು ದಿನಕ್ಕೊಮ್ಮೆ ಅವನು ಒಳಗೆ ಹೋಗಿ, ಮನೆಯನ್ನು ಬೆಚ್ಚಗಿಡುವ ನೆಲಮಾಳಿಗೆಯ ಫರ್ನೇಸು ಉರಿಯುತ್ತಿದೆಯೇ, ನಲ್ಲಿಯಲ್ಲಿ ನೀರು ಬರುತ್ತಿದೆಯೇ ಎಂದು ನೋಡಿ ಬರಬೇಕು. ನಲವತ್ತೆಂಟು ಗಂಟೆ ಯಾರೂ ಕಾಲಿಡದ ಮನೆಯಲ್ಲಿ ನೀರು ಹೆಪ್ಪುಗಟ್ಟಿ ಪೈಪು ಒಡೆದರೆ ವಿಮೆಯವರು ಬಿಡಿಗಾಸೂ ಬಿಚ್ಚುವುದಿಲ್ಲ. ಹದಿನೆಂಟು ವರ್ಷ ಓರೆಸ್ಟ್ ಈ ಕೆಲಸ ಮಾಡಿದ್ದ. ಪ್ರತಿಯಾಗಿ ಪ್ರತಿ ವಸಂತದಲ್ಲಿ ಅವನಿಗೆ ಹತ್ತು ಚೀಲ ಕಿತ್ತಳೆ ಬರುತ್ತಿತ್ತು. ಅವನ ಹೆಂಡತಿ ಸ್ಟೆಫಾಗೆ ಕಿತ್ತಳೆ ಕಂಡರೆ ಈಗ ತಲೆನೋವು ಬರುತ್ತದೆ.

ಓರೆಸ್ಟನ ನಿಜವಾದ ಉದ್ಯೋಗ ರೈತರ ಗೋಧಿ ತುಂಬಿಡುವ ಊರಿನ ಧಾನ್ಯದ ಗೋಪುರದಲ್ಲಿತ್ತು. ಮೂವತ್ತೊಂದು ವರ್ಷ ಅಲ್ಲಿ ಗೋಧಿ ತೂಗಿದ. ಹದಿನಾಲ್ಕು ತಿಂಗಳ ಹಿಂದೆ ಗೋಪುರವನ್ನೇ ಕೆಡವಿದರು. ಆಮೇಲೆ ಐವತ್ತೆಂಟರ ಮನುಷ್ಯನನ್ನು ಯಾರು ಕರೆಯುತ್ತಾರೆ? ಕರೆದದ್ದು ಮಗಳೊಬ್ಬಳೇ: "ಅಪ್ಪಾ, ಕ್ಯಾಲ್ಗರಿಗೆ ಬಂದುಬಿಡಿ. ನೆಲಮಾಳಿಗೆ ಖಾಲಿ ಇದೆ." ನೆಲಮಾಳಿಗೆಗೆ ಓರೆಸ್ಟ್ ಹೆದರುತ್ತಿರಲಿಲ್ಲ. ಅದರ ಮೇಲಿನ ಅಂತಸ್ತಿನಲ್ಲಿ ಅಳಿಯ ಬ್ರೆಂಟ್ ಇದ್ದ. ಟೋಸ್ಟಿಗೆ ಬೆಣ್ಣೆ ಹಚ್ಚುವುದನ್ನೂ ಎರಡು ಸಲ ವಿವರಿಸುವ ಅಳಿಯ. ಜನವರಿ ಮುಗಿಯುವುದರೊಳಗೆ ಕೆಲಸ ಸಿಗದಿದ್ದರೆ ಮನೆ ಮಾರಿ ಹೊರಡುವುದೆಂದು ಗಂಡ ಹೆಂಡತಿ ಒಪ್ಪಿಕೊಂಡಿದ್ದರು. ಈ ಕತೆ ನಡೆದದ್ದು ಜನವರಿ ಕೊನೆಯ ಗುರುವಾರ.

ಅವತ್ತು ಬೆಳಿಗ್ಗೆ ಎಂಟಕ್ಕೆ, ಹೊರಗೆ ಸೊನ್ನೆಗಿಂತ ಮೂವತ್ತೆಂಟು ಡಿಗ್ರಿ ಕೆಳಗಿನ ಚಳಿ ಹಲ್ಲು ಕಡಿಯುತ್ತಿದ್ದಾಗ, ಓರೆಸ್ಟ್ ಬೂಟು ಹಾಕಿಕೊಂಡು ಡೋರೀನಳ ಮನೆಗೆ ಹೊರಟಿದ್ದ. ಅರಿಜೋನಾಕ್ಕೆ ಹಾರಿದವರಲ್ಲಿ ಒಬ್ಬಳಾದ ಡೋರೀನ್ ಮೆಕ್ವಾರಿಗೆ ಎಪ್ಪತ್ತಾರು. ಅವಳ ಊಟದ ಕೋಣೆಯಲ್ಲಿ ಸತ್ತ ಗಂಡ ಕೊಡಿಸಿದ ಒಂದು ಜರೀಗಿಡವಿತ್ತು. ಹಿಂದಿನ ರಾತ್ರಿ ಫೋನಿನಲ್ಲಿ ಅವಳು ಮೂರು ಸಲ ಕೇಳಿದ್ದಳು. "ನಾಳೆ ಗಿಡಕ್ಕೆ ನೀರು ಹಾಕ್ತೀಯಲ್ಲ ಮಗಾ?" "ಹಾಕ್ತೀನಿ ಡೋರೀನ್." "ಮಾತು ಕೊಡು." "ಮಾತು ಕೊಟ್ಟೆ."

ಬಾಗಿಲು ತೆಗೆಯುವಷ್ಟರಲ್ಲಿ ಫೋನು ಬಡಿದುಕೊಂಡಿತು.

"ಮಿಸ್ಟರ್ ಬೋಡ್ನಾರ್, ನಾನು ಕೆಂಡ್ರಾ." ನಗರದಿಂದ ಬಂದು, ಚಳಿಗಾಲದಲ್ಲಿ ಖಾಲಿ ಮನೆಗಳನ್ನು ನೋಡಿಕೊಳ್ಳುವ ಕಂಪನಿ ಶುರುಮಾಡಿದ್ದ ಹುಡುಗಿ ಅವಳು. ಓರೆಸ್ಟ್ ಕಿತ್ತಳೆಗೆ ಮಾಡುತ್ತಿದ್ದ ಕೆಲಸವನ್ನೇ ಅವಳು ಸಂಬಳಕ್ಕೆ ಮಾಡಿಸುವವಳಿದ್ದಳು. "ನಿಮ್ಮ ಹತ್ತು ಮನೆಯವರೂ ನಮ್ಮಲ್ಲಿ ಸೇರಿಕೊಂಡಿದಾರೆ. ಡೋರೀನ್ ಅವರದ್ದು ಇವತ್ತಿಂದಲೇ ಶುರು. ಕೆಲಸ ನಿಮ್ಮದೇ. ಒಂದೇ ಒಂದು ವಿಷಯ. ನಿಮ್ಮನ್ನ ಬಾಂಡ್ ಮಾಡಿಸೋಕೆ ಆಗುತ್ತೆ ತಾನೆ?"

"ಆಗದೆ ಏನು?" ಎಂದ ಓರೆಸ್ಟ್, ಹಾಗೆಂದರೇನೆಂದು ಗೊತ್ತಿಲ್ಲದೆ.

"ಹಾಗಾದ್ರೆ ವಿಮೆ ಏಜೆಂಟರ ಹತ್ರ ಕಾಗದ ಮಾಡಿಸಿ ಸಂಜೆ ಐದರೊಳಗೆ ಕರ್ಲಿಂಗ್ ಕ್ಲಬ್ಬಿಗೆ ತನ್ನಿ. ಐದಕ್ಕೆ ನಾನು ಊರು ಬಿಡ್ತೀನಿ. ಕಾಗದ ಇಲ್ಲದೋರನ್ನ ತಗೊಳ್ಳೋ ಹಾಗಿಲ್ಲ."

ಓರೆಸ್ಟನ ಬಾಬಾ, ಎಂದರೆ ಅಜ್ಜಿ, ಹೇಳುತ್ತಿದ್ದ ಕತೆಗಳಲ್ಲಿ ರಾಜನು ಬಡ ಹುಡುಗನನ್ನು ಕರೆದು, ಸೂರ್ಯ ಮುಳುಗುವುದರೊಳಗೆ ಬೆಂಕಿಹಕ್ಕಿಯ ಗರಿ ತಾ, ಇಲ್ಲವೇ ತಲೆ ಕೊಡು ಎನ್ನುತ್ತಿದ್ದ. ಹುಡುಗನಿಗೆ ಮಾತಾಡುವ ತೋಳವೊಂದು ಸಿಗುತ್ತಿತ್ತು. ಓರೆಸ್ಟ್ ಕಿಟಕಿಯಾಚೆ ನೋಡಿದ. ಪಕ್ಕದ ಮನೆಯ ಮುದಿ ನಾಯಿ ಹಿಮದ ಮೇಲೆ ಒಂದು ಕಾಲೆತ್ತಿ, ಚಳಿಗೆ ಮನಸ್ಸು ಬದಲಾಯಿಸಿ, ಒಳಗೆ ಓಡಿತು.

ಗಿಡವೇನು ಓಡಿಹೋಗುತ್ತದೆಯೇ ಎಂದುಕೊಂಡು ಅವನು ಏಜೆಂಟನ ಆಫೀಸಿನ ಕಡೆ ತಿರುಗಿದ.

ವಿಮೆ ಏಜೆಂಟ್ ಕ್ಲಿಫ್ ಪೆನ್ನರ್ ತನ್ನ ಆಫೀಸಿನ ಮುಂದೆ, ಜೇಬುಗಳನ್ನೆಲ್ಲ ತಡಕುತ್ತ, ಬಿಸಿ ಹಂಚಿನ ಮೇಲಿನ ಕೋಳಿಯಂತೆ ಕಾಲು ಬದಲಿಸುತ್ತಿದ್ದ.

"ಬಂದ್ಯಾ, ದೇವರು ಬಂದ ಹಾಗೆ ಬಂದೆ! ಕೀ ಮನೇಲೇ ಬಿಟ್ಟೆ ಮಾರಾಯ."

ಓರೆಸ್ಟ್ ತನ್ನ ಗೊಂಚಲಿನಿಂದ ಏಳನೆಯ ಕೀ, ಹನ್ನೊಂದರಲ್ಲಿ ಮನೆಯದಲ್ಲದ ಒಂದೇ ಕೀ, ಹುಡುಕಿ ಕ್ಲಿಫನ ಆಫೀಸನ್ನು ತೆರೆದುಕೊಟ್ಟ. ಇಬ್ಬರೂ ಒಳಗೆ ಹೋದರು. ಕ್ಲಿಫ್ ಕುರ್ಚಿಯಲ್ಲಿ ಕುಳಿತು, ಕನ್ನಡಕ ಏರಿಸಿ, ನಲವತ್ತು ವರ್ಷದ ಗೆಳೆಯನನ್ನು ಮೊದಲ ಸಲ ನೋಡುವವನಂತೆ ನೋಡಿದ.

"ಬಾಂಡ್ ಅಂದ್ರೆ ಏನು ಗೊತ್ತಾ? ನೀನು ಕೆಲಸದ ಮನೇಲಿ ಕದ್ದೆ ಅಂತಿಟ್ಕೋ. ನಷ್ಟ ಯಾರು ಕೊಡ್ಬೇಕು? ನಮ್ಮ ಕಂಪನಿ ಕೊಡುತ್ತೆ. ಆಮೇಲೆ ನಿನ್ನ ಕುತ್ತಿಗೆ ಹಿಡಿದು ವಸೂಲಿ ಮಾಡುತ್ತೆ. ಇದು ಒಂಥರಾ ಜಾಮೀನು. ನಿನಗೆ ಹಾಗೆ ಜಾಮೀನು ನಿಲ್ಲಬಹುದೋ ಇಲ್ವೋ ಅಂತ ನಾನು ನೋಡ್ಬೇಕು."

"ನಾನು ಕದಿಯಲ್ಲ ಕ್ಲಿಫ್."

"ನಂಗೆ ಗೊತ್ತು ಕಣೋ. ಆದ್ರೆ ಹೆಡ್ ಆಫೀಸಿಗೆ ಗೊತ್ತಿಲ್ವಲ್ಲ."

"ಈಗ ತಾನೇ ನಿನ್ನ ಬಾಗಿಲು ತೆಗೆದುಕೊಟ್ಟೆ."

"ಅದನ್ನ ಮಾತ್ರ ಎಲ್ಲೂ ಬರೀಬೇಡ" ಎಂದು ಕ್ಲಿಫ್ ಗಾಬರಿಯಿಂದ ಬಾಗಿಲ ಕಡೆ ನೋಡಿದ. "ಪೊಲೀಸರಿಂದ ಚೀಟಿ ಬೇಕು. ಸಂಬಂಧಿಕರಲ್ಲದ ಇಬ್ಬರ ಸಹಿ ಬೇಕು. ಈ ಫಾರಂ ತುಂಬು."

ಓರೆಸ್ಟ್ ತಲೆ ಬಗ್ಗಿಸಿಕೊಂಡು ತುಂಬುತ್ತ ಹೋದ. ಹದಿನಾಲ್ಕನೆಯ ಪ್ರಶ್ನೆಯಲ್ಲಿ ಪೆನ್ನು ನಿಂತಿತು. ನಿಮ್ಮದಲ್ಲದ ವಸ್ತುವನ್ನು ಮಾಲೀಕರಿಗೆ ಹೇಳದೆ ಎಂದಾದರೂ ತೆಗೆದುಕೊಂಡಿದ್ದೀರಾ?

"ಇಲ್ಲ ಅಂತ ಹಾಕು" ಎಂದ ಕ್ಲಿಫ್.

"ಬೀಟ್‌ರೂಟು?"

ಕ್ಲಿಫನ ಮುಖ ಬಣ್ಣ ಕಳೆದುಕೊಂಡಿತು. ಪಕ್ಕದ ಊರಾದ ಹಾರ್ಟ್‌ವೆಲ್‌ನವರು ತಮ್ಮ ಹೆಸರು ನಾಲ್ಕು ಜನಕ್ಕೆ ಗೊತ್ತಾಗಲೆಂದು ಹೆದ್ದಾರಿ ಪಕ್ಕದಲ್ಲಿ ಎರಡಾಳೆತ್ತರದ ಫೈಬರ್ ಬೀಟ್‌ರೂಟು ನಿಲ್ಲಿಸಿದ್ದರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಹಾಕಿ ಪಂದ್ಯ ಸೋತ ಸಿಟ್ಟಿಗೆ, ಓರೆಸ್ಟ್ ಅದರ ಒಂದು ಎಲೆಯನ್ನು ಬಿಚ್ಚಿ ತಂದಿದ್ದ. ಟ್ರಕ್ಕು ಓಡಿಸಿದವನು ಕ್ಲಿಫ್.

"ಅದು ಮೂವತ್ತೊಂಬತ್ತು ವರ್ಷದ ಹಿಂದಿನ ಮಾತು! ಮಾರನೇ ದಿನ ನೀನೇ ಅತ್ಕೊಂಡು ವಾಪಸ್ ಸಿಕ್ಕಿಸಿ ಬಂದೆ!"

"'ಎಂದಾದರೂ' ಅಂತ ಕೇಳಿದಾರಲ್ಲ" ಎನ್ನುತ್ತ ಓರೆಸ್ಟ್ ದುಂಡಗೆ ಬರೆದ: ಹೌದು. ಬೀಟ್‌ರೂಟಿನ ಎಲೆ, ಒಂದು. ಹಿಂತಿರುಗಿಸಲಾಗಿದೆ.

"ನನ್ನ ಹೆಸರು ಬರೆದ್ಯಾ?"

"ಛೇ, ಇಲ್ಲಪ್ಪ. ಕೆಳಗೆ ಟ್ರಕ್ಕಿನ ಬಣ್ಣ ಬರೆದೆ, ಅಷ್ಟೇ."

ಆಫೀಸಿನ ಕಿಟಕಿಯ ಹೊರಗೆ ಕ್ಲಿಫನ ಹಸಿರು ಟ್ರಕ್ಕು, ಆವತ್ತಿನದೇ, ಹಿಮ ಹೊದ್ದು ನಿಂತಿತ್ತು.

ಸಂಬಂಧಿಕರಲ್ಲದ ಇಬ್ಬರನ್ನು ಹುಡುಕಲು ಓರೆಸ್ಟ್, ಮಂಜಿನ ಮೇಲೆ ಕಲ್ಲು ಜಾರಿಸುವ ಆಟದ ಕರ್ಲಿಂಗ್ ಕ್ಲಬ್ಬಿನ ಕಾಫಿ ಮೇಜಿಗೆ ಹೋದ. ಅಲ್ಲಿ ದಿನಾ ಒಂಬತ್ತೂವರೆಗೆ ಊರಿನ ಅರ್ಧ ಜನ ಕುಳಿತು ಇನ್ನರ್ಧ ಜನರ ಬಗ್ಗೆ ಮಾತಾಡುತ್ತಾರೆ. ಮೇಜಿನ ತಲೆಯಲ್ಲಿ ವರ್ನಾ ಕುಳಿತಿದ್ದಳು. ವರ್ನಾ ಡೋರೀನಳ ಪಕ್ಕದ ಮನೆಯವಳು. ಹಕ್ಕಿ ನೋಡಲೆಂದು ಕಿಟಕಿಯಲ್ಲಿ ದುರ್ಬೀನು ಇಟ್ಟುಕೊಂಡವಳು. ಆ ಊರಿಗೆ ಜನವರಿಯಲ್ಲಿ ಹಕ್ಕಿಗಳು ಬರುವುದಿಲ್ಲ.

"ನಾನು ಸಹಿ ಹಾಕ್ತೀನಿ ಕೊಡು" ಎಂದಳು ವರ್ನಾ.

"ನೀನು ಸ್ಟೆಫಾಳ ದೊಡ್ಡಮ್ಮನ ಮಗಳು."

"ಹಾಗಾದ್ರೆ ನಾನು" ಎಂದರು ಇನ್ನೊಬ್ಬರು.

"ನಿಮ್ಮ ತಮ್ಮ ನನ್ನ ಅಕ್ಕನ ಮೊದಲನೇ ಗಂಡ."

"ಬಿಟ್ಟುಹೋದ್ನಲ್ಲ, ಅದೂ ಸಂಬಂಧವಾ?"

ಈ ಪ್ರಶ್ನೆಯ ಮೇಲೆ ಇಪ್ಪತ್ತು ನಿಮಿಷ ಚರ್ಚೆಯಾಯಿತು. ನೂರು ವರ್ಷ ಒಂದೇ ಚಳಿಗಾಲದಲ್ಲಿ ಸಿಕ್ಕಿಕೊಂಡ ಊರಿನಲ್ಲಿ ಜನ ಇನ್ನೇನು ಮಾಡಿಯಾರು, ಎಲ್ಲರೂ ಎಲ್ಲರಿಗೂ ಭಾವನೋ ಮೈದುನನೋ ಆಗಿದ್ದರು. ಕೊನೆಗೆ ಮೂರು ವರ್ಷದ ಹಿಂದೆ ಬಂದ ಪೆಟ್ರೋಲ್ ಬಂಕಿನ ಜಸ್ಪಾಲನೂ, ಹೋದ ವರ್ಷ ಬಂದ ನರ್ಸ್ ಮರಿಸೆಲಳೂ ಸಹಿ ಹಾಕಿದರು. ಓರೆಸ್ಟನನ್ನು ಹುಟ್ಟಿದಾಗಿನಿಂದ ಬಲ್ಲ ಹದಿನಾಲ್ಕು ಜನ, ಗುರುತೇ ಸರಿಯಾಗಿರದ ಇಬ್ಬರು ಅವನ ಪ್ರಾಮಾಣಿಕತೆಗೆ ಸಾಕ್ಷಿ ಹೇಳುವುದನ್ನು ಕಾಫಿ ಆರುವವರೆಗೆ ನೋಡಿದರು.

"ಜಸ್ಪಾಲ್, ಓರೆಸ್ಟ್ ಒಳ್ಳೇವನು ಅಂತ ನಿಂಗೆ ಹೇಗೆ ಗೊತ್ತು?" ಎಂದು ವರ್ನಾ ಚುಚ್ಚಿದಳು.

"ನೀವೇ ಹೇಳಿದ್ರಲ್ಲ ಮೇಡಂ" ಎಂದ ಜಸ್ಪಾಲ್.

ಹನ್ನೊಂದು ಗಂಟೆಗೆ ಓರೆಸ್ಟ್ ಡೋರೀನಳ ಗೇಟಿನವರೆಗೆ ಬಂದಿದ್ದ. ಕೈಯಲ್ಲಿ ಅವಳ ಹಿಂಬಾಗಿಲ ಕೀ ಕೂಡ ಇತ್ತು. ಅಷ್ಟರಲ್ಲಿ ಕಾರಿನಿಂದಿಳಿಯುತ್ತಿದ್ದ ವರ್ನಾ ಕೂಗಿದಳು. "ಏ ಓರೆಸ್ಟ್! ಅಲ್ಲೇನು ಮಾಡ್ತಿದೀಯ? ಪೊಲೀಸ್ ಚೀಟಿ ಕೊಡೋದು ಹನ್ನೆರಡರವರೆಗೆ ಮಾತ್ರ. ಗಿಡ ಸತ್ರೆ ಇನ್ನೊಂದು ಗಿಡ ಬರುತ್ತೆ, ಕೆಲಸ ಹೋದ್ರೆ ಬ್ರೆಂಟ್ ಬರ್ತಾನೆ!"

ಬ್ರೆಂಟನ ಹೆಸರು ಕೇಳಿದ್ದೇ ಓರೆಸ್ಟನ ಕಾಲು ತಾನಾಗಿ ತಿರುಗಿತು.

ಠಾಣೆಯಲ್ಲಿ ಕಾನ್‌ಸ್ಟೇಬಲ್ ಮರ್ಸಿಯೆ ಇದ್ದ. ಕ್ವಿಬೆಕ್ಕಿನಿಂದ ಬಂದು ಮೂರು ತಿಂಗಳಾಗಿತ್ತು. ಊರಿನಲ್ಲಿ ಅಪರಾಧವೇ ಇಲ್ಲದೆ ಅವನ ಮೀಸೆ ತುಕ್ಕು ಹಿಡಿಯುತ್ತಿತ್ತು. ಕಂಪ್ಯೂಟರಿನಲ್ಲಿ ಹುಡುಕಿ, "ನಿಮ್ಮ ಮೇಲೆ ಏನೂ ಇಲ್ಲ ಸಾರ್, ಹಾಲಿನ ಹಾಗಿದೆ" ಎಂದು ಚೀಟಿಗೆ ಸಹಿ ಮಾಡಲು ಹೊರಟ. ಓರೆಸ್ಟ್ ಧನ್ಯನಾಗಿ ಚೀಟಿಯ ದುಡ್ಡು ಕೊಡಲು ಪರ್ಸು ತೆಗೆದ. ಅದರ ಹಿಂದೆಯೇ ಕೀ ಗೊಂಚಲು ಜೇಬಿನಿಂದ ಹೊರಬಂದು ಮೇಜಿನ ಮೇಲೆ ಝಣ್ ಎಂದು ಬಿತ್ತು.

ಹನ್ನೊಂದು ಕೀ. ಹನ್ನೊಂದಕ್ಕೂ ಸ್ಟೆಫಾ ಅಂದವಾಗಿ ಬರೆದು ಕಟ್ಟಿದ ಚೀಟಿಗಳು. 'ಡೋರೀನ್, ಹಿಂಬಾಗಿಲು, ಅಲಾರಂ ಗಂಡನ ಹುಟ್ಟಿದ ವರ್ಷ.' 'ಕ್ಲಿಫ್, ಆಫೀಸು.' 'ಹಳೇ ಡಾಕ್ಟರು, ಏಪ್ರಿಲ್‌ವರೆಗೆ ಇರುವುದಿಲ್ಲ.'

ಮರ್ಸಿಯೆ ಚೀಟಿಗಳನ್ನು ಒಂದೊಂದಾಗಿ ಓದಿದ. ಅವನ ಹುಬ್ಬುಗಳು ಟೋಪಿಯೊಳಗೆ ಹೋದವು.

"ಇವೆಲ್ಲ ಯಾರ ಕೀಗಳು ಸಾರ್?"

"ಬೇರೆಯವರದ್ದು."

"ಅವರೆಲ್ಲ ಎಲ್ಲಿದಾರೆ?"

"ಊರಲ್ಲಿಲ್ಲ."

"ಅವರು ಇಲ್ಲದಿದ್ದಾಗ ನೀವು ಒಳಗೆ ಹೋಗ್ತೀರಾ?"

"ಇದ್ದಾಗ ಹೋದ್ರೆ ಚೆನ್ನಾಗಿರಲ್ವಲ್ಲ" ಎಂದ ಓರೆಸ್ಟ್.

ಮರ್ಸಿಯೆ ಸಹಿ ಮಾಡುವ ಪೆನ್ನನ್ನು ಮುಚ್ಚಿಟ್ಟು, ಬರೆದುಕೊಳ್ಳುವ ಪೆನ್ನನ್ನು ತೆರೆದ. ಎಲ್ಲ ಮಾಲೀಕರಿಗೂ ಫೋನು ಮಾಡಿ ಕೇಳುವವರೆಗೆ ಗೊಂಚಲು ಠಾಣೆಯಲ್ಲೇ ಇರಬೇಕಾಯಿತು.

"ಆಫೀಸರ್, ಒಂದೇ ಒಂದು ಕೀ ಕೊಡಿ. ಈ ಡೋರೀನಳದ್ದು. ಗಿಡಕ್ಕೆ ನೀರು ಹಾಕಿ ಹತ್ತು ನಿಮಿಷಕ್ಕೆ ಬರ್ತೀನಿ."

"ಅವರು ಹೌದು ಅಂದ ತಕ್ಷಣ ಕೊಡ್ತೀನಿ."

ಡೋರೀನಳ ಫೋನು ಬಡಿದುಕೊಂಡೇ ಇತ್ತು. ಅವಳು ಅರಿಜೋನಾದ ಈಜುಕೊಳದಲ್ಲಿ, ಕುತ್ತಿಗೆಯವರೆಗೆ ಬೆಚ್ಚಗಿನ ನೀರಿನಲ್ಲಿ ನಿಂತು ವ್ಯಾಯಾಮ ಮಾಡುತ್ತಿದ್ದಳು. ಉಳಿದವರು ಒಬ್ಬೊಬ್ಬರಾಗಿ ಸಿಕ್ಕರು. ಎಲ್ಲರೂ ಒಂದೇ ಬಾಯಿಂದ ಓರೆಸ್ಟ್ ಬಂಗಾರದಂಥವನೆಂದರು. ಆದರೆ ಪೊಲೀಸಿನವನು ಅರಿಜೋನಾದವರೆಗೆ ಫೋನು ಮಾಡಿ 'ಏನಾದರೂ ಕಳೆದಿದೆಯೇ, ಚೆನ್ನಾಗಿ ಯೋಚಿಸಿ' ಎಂದರೆ ಯಾರಿಗೆ ಏನು ನೆನಪಾಗುವುದಿಲ್ಲ?

ಸ್ಪೀಕರಿನಲ್ಲಿ ಹಳೇ ಡಾಕ್ಟರ ಹೆಂಡತಿಯ ಧ್ವನಿ ತಡವರಿಸಿತು. "ಕಳೆದಿದೆ ಅಂತಲ್ಲ... ಫ್ರೀಜರಲ್ಲಿ ಒಂದು ಬೆರಿ ಹಣ್ಣಿನ ಪೈ ಇತ್ತು. ಒಂಬತ್ತು ವರ್ಷ ಆಯ್ತು. ಬಿಡಿ, ನಮ್ಮೋರೇ ತಿಂದಿರಬಹುದು."

"ಇಲ್ಲ, ನಾನೇ ತಿಂದೆ" ಎಂದ ಓರೆಸ್ಟ್. "ಕರೆಂಟು ಹೋಗಿತ್ತು, ಕರಗ್ತಾ ಇತ್ತು. ಚೀಟಿ ಬರೆದಿಟ್ಟಿದ್ದೆನಲ್ಲ ಮೇಡಂ."

"ಚೀಟಿ ಸಿಗಲಿಲ್ಲಪ್ಪ" ಎಂದಿತು ಧ್ವನಿ, ಸ್ವಲ್ಪ ತಣ್ಣಗೆ.

ಮರ್ಸಿಯೆ ಅದನ್ನೂ ಬರೆದುಕೊಂಡ.

ಮೂರೂವರೆಗೆ ಡೋರೀನ್ ಈಜುಕೊಳದಿಂದ ಎದ್ದಳು. "ಓರೆಸ್ಟನಾ? ಅವನ ಕೈಯಲ್ಲಿ ನನ್ನ ಪ್ರಾಣಾನೇ ಕೊಡ್ತೀನಿ! ಮಗಾ, ಗಿಡಕ್ಕೆ ನೀರು ಹಾಕಿದ್ಯಾ?"

"ಈಗ ಹಾಕ್ತೀನಿ ಡೋರೀನ್."

ಚೀಟಿ ಸಿಕ್ಕಿತು, ಗೊಂಚಲೂ ಸಿಕ್ಕಿತು. ಓರೆಸ್ಟ್ ಠಾಣೆಯ ಮೆಟ್ಟಿಲ ಮೇಲೆ ನಿಂತ. ಎಡಕ್ಕೆ ಹೋದರೆ ಡೋರೀನಳ ಮನೆ, ಬಲಕ್ಕೆ ಹೋದರೆ ಕ್ಲಿಫನ ಆಫೀಸು. ಹೆಡ್ ಆಫೀಸು ನಾಲ್ಕೂವರೆಗೆ ಮುಚ್ಚುತ್ತದೆ. ಕತೆಯ ಹುಡುಗರಿಗೆ ಕವಲುದಾರಿಯಲ್ಲಿ ಒಂದು ಕಲ್ಲಾದರೂ ಸಿಗುತ್ತದೆ, ಈ ಕಡೆ ಹೋದರೆ ಕುದುರೆ ಹೋದೀತು, ಆ ಕಡೆ ಹೋದರೆ ತಲೆ ಹೋದೀತು ಎಂದು ಕೆತ್ತಿದ ಕಲ್ಲು. ಇಲ್ಲಿದ್ದದ್ದು 'ಜಾರುತ್ತದೆ, ಎಚ್ಚರ' ಎಂಬ ಹಲಗೆಯೊಂದೇ. ಓರೆಸ್ಟ್ ಬಲಕ್ಕೆ ತಿರುಗಿದ.

ಹೆಡ್ ಆಫೀಸಿನವಳು ಫೋನಿನಲ್ಲಿ ಹದಿನಾಲ್ಕನೆಯ ಉತ್ತರವನ್ನು ಎರಡು ಸಲ ಓದಿಸಿಕೊಂಡಳು. ಹಿಂದಿದ್ದ ಯಾರಿಗೋ ಹೇಳಿದಳು. ಅಲ್ಲಿ ಯಾರೋ ನಕ್ಕರು. "ತರಕಾರಿಯ ಭಾಗ, ಹಿಂತಿರುಗಿಸಿದ್ದು, ಅಡ್ಡಿಯಿಲ್ಲ. ಟ್ರಕ್ಕಿನವನು ಯಾರು?"

"ಪತ್ತೆಯಾಗಿಲ್ಲ" ಎಂದ ಕ್ಲಿಫ್, ಬೆವರು ಒರೆಸಿಕೊಳ್ಳುತ್ತ.

ನಾಲ್ಕು ಇಪ್ಪತ್ತೆಂಟಕ್ಕೆ ಮೊಹರು ಬಿತ್ತು.

ಐದಕ್ಕೆ ಹತ್ತು ನಿಮಿಷವಿರುವಾಗ ಕರ್ಲಿಂಗ್ ಕ್ಲಬ್ಬಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಸ್ಟೆಫಾ ಶಾಲೆಯ ಅಡುಗೆಮನೆಯಿಂದ ಓಡಿಬಂದಿದ್ದಳು. ಇನ್ನೂ ಏಪ್ರನ್ ಬಿಚ್ಚಿರಲಿಲ್ಲ. ಕೆಂಡ್ರಾ ಅವನಿಗೆ ನೀಲಿ ಜಾಕೆಟ್ಟು ತೊಡಿಸಿದಳು. ಬೆನ್ನ ಮೇಲೆ 'ನಂಬಿಕಸ್ಥ, ಬಾಂಡ್ ಆದ ನೌಕರ' ಎಂದು ಮಿರಿಮಿರಿ ಹೊಳೆಯುವ ಅಕ್ಷರಗಳಿದ್ದವು. ಓರೆಸ್ಟ್ ಬೆನ್ನನ್ನು ನೋಡಿಕೊಳ್ಳಲು ನಾಯಿ ಬಾಲ ಅಟ್ಟಿಸಿಕೊಂಡು ಹೋದಂತೆ ಎರಡು ಸುತ್ತು ತಿರುಗಿದ.

"ಕ್ಯಾಲ್ಗರಿಗೆ ಫೋನು ಮಾಡಿ ಹೇಳಿಬಿಡ್ತೀನಿ, ಬರಲ್ಲ ಅಂತ" ಎಂದಳು ಸ್ಟೆಫಾ. ಅವಳ ಕಣ್ಣು ಒದ್ದೆಯಾಗಿತ್ತು.

"ಮೊದಲು ಡೋರೀನಳ ಗಿಡ" ಎಂದ ಓರೆಸ್ಟ್. "ಮಾತು ಕೊಟ್ಟಿದೀನಿ."

ಮೊದಲ ಮನೆಯ ಮೊದಲ ಭೇಟಿಯ ಫೋಟೋ ತೆಗೆಯಬೇಕೆಂದು ಕೆಂಡ್ರಾ ಹೊರಟಳು. ಕೆಂಡ್ರಾ ಹೊರಟಳೆಂದು ವರ್ನಾ ಹೊರಟಳು. ವರ್ನಾ ಹೊರಟಳೆಂದು ಕಾಫಿ ಮೇಜಿಗೆ ಮೇಜೇ ಎದ್ದಿತು. ಅಷ್ಟು ಜನ ಒಟ್ಟಿಗೆ ಬೀದಿಯಲ್ಲಿ ಹೋಗುವುದನ್ನು ಕಂಡು ಮರ್ಸಿಯೆಯೂ ಜೀಪು ಹತ್ತಿದ.

ಓರೆಸ್ಟ್ ಹಿಂಬಾಗಿಲಿಗೆ ಕೀ ಹಾಕಿ ತಿರುಗಿಸಿದ. ಬಾಗಿಲು ಅಲ್ಲಾಡಲಿಲ್ಲ. ಭುಜ ಕೊಟ್ಟು ನೂಕಿದ. ಒಳಗೆ ಗಾಜಿನ ಅಂಗಡಿ ಬಿದ್ದಂತೆ ಸದ್ದಾಯಿತು. ಬಾಗಿಲು ತೆರೆಯಿತು.

ಚಾವಣಿಯಿಂದ ಮಂಜಿನ ಕೋಲುಗಳು ಇಳಿಬಿದ್ದಿದ್ದವು. ಸೋಫಾ ಒಂದು ದೊಡ್ಡ ಬಿಳಿ ಕರಡಿಯಂತೆ ಮಲಗಿತ್ತು. ಪಿಯಾನೊ ಮೊಣಕಾಲುದ್ದದ ಮಂಜಿನಲ್ಲಿ ನಿಂತಿತ್ತು. ಒಡೆದ ಪೈಪು ಎಲ್ಲೋ ಒಳಗೆ ಇನ್ನೂ ಸಣ್ಣಗೆ ಕಣ್ಣೀರಿಡುತ್ತಿತ್ತು. ಓರೆಸ್ಟ್ ಜಾರುತ್ತ ಹೋಗಿ ನೀರಿನ ಮುಖ್ಯ ನಲ್ಲಿ ಮುಚ್ಚಿ ಬಂದ. ಮಾಡಲು ಉಳಿದಿದ್ದ ಕೆಲಸ ಅದೊಂದೇ.

"ರಾತ್ರಿ ಫರ್ನೇಸು ಆರಿಹೋಗಿದೆ" ಎಂದ ಕ್ಲಿಫ್ ಮೆಲ್ಲಗೆ. "ಪೈಪು ಒಡೆದಿದ್ದು ಮಧ್ಯಾಹ್ನ ಇರಬೇಕು."

"ಹೌದು ಹೌದು" ಎಂದಳು ವರ್ನಾ. "ಹನ್ನೆರಡಕ್ಕೆ ಕಿಟಕಿ ಎಲ್ಲ ಬೆಳ್ಳಗಾಯ್ತು, ದುರ್ಬೀನಲ್ಲಿ ನೋಡ್ದೆ. ಓರೆಸ್ಟ್ ಒಳಗೆ ಟೀ ಕಾಯಿಸ್ತಿದಾನೆ ಅಂದ್ಕೊಂಡೆ."

"ಬೆಳಿಗ್ಗೆ ಎಂಟಕ್ಕೆ ಬಂದಿದ್ರೆ ಒಂದು ಬೆಂಕಿಕಡ್ಡಿಯಲ್ಲಿ ಸರಿಹೋಗ್ತಿತ್ತು" ಎಂದ ಓರೆಸ್ಟ್, ಯಾರಿಗೂ ಅಲ್ಲ.

ಅಷ್ಟರಲ್ಲಿ ವರ್ನಾ ಡೋರೀನಳಿಗೆ ಫೋನು ಮಾಡಿಯಾಗಿತ್ತು. ಅಳುವಿನ ನಡುವೆ ಡೋರೀನ್ ಕ್ಲಿಫನನ್ನು ಕೇಳಿದಳು. "ವಿಮೆ ಇದೆಯಲ್ಲ? ಇಷ್ಟು ವರ್ಷ ಕಟ್ಟಿದೀನಲ್ಲ?"

ಕ್ಲಿಫ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಓರೆಸ್ಟ್, ಹಿಂದಿನ ಸಲ ಯಾವಾಗ ಬಂದಿದ್ದೆ?"

ಇವನೊಂದು ಸುಳ್ಳು ಹೇಳಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. "ಮಂಗಳವಾರ ಬೆಳಿಗ್ಗೆ ಎಂಟಕ್ಕೆ" ಎಂದ ಓರೆಸ್ಟ್.

"ನಲವತ್ತೆಂಟು ಗಂಟೆ ಮುಗಿದು ನಾಲ್ಕು ಗಂಟೆ ಆದ್ಮೇಲೆ ಪೈಪು ಒಡೆದಿದೆ. ಸಿಗಲ್ಲ ಡೋರೀನ್."

ಎಲ್ಲರ ಕಣ್ಣೂ ಓರೆಸ್ಟನ ಬೆನ್ನ ಮೇಲಿನ ಹೊಳೆಯುವ ಅಕ್ಷರಗಳ ಮೇಲೆ ನಿಂತವು.

"ಇರಿ, ಇವನಿಗೆ ಬಾಂಡ್ ಆಗಿದೆಯಲ್ಲ!" ಎಂದಳು ಸ್ಟೆಫಾ. "ಅದ್ರಿಂದ ಕೊಡಿಸಿ!"

"ಇವತ್ತಿನ ತಾರೀಕಿಂದಲೇ ಜಾರಿ" ಎಂದು ಕ್ಲಿಫ್ ಕಾಗದ ಬಿಡಿಸಿ ಓದಿದ. "ಆದ್ರೆ ಇದು ಕಳ್ಳತನಕ್ಕೆ ಮಾತ್ರ ಸ್ಟೆಫಾ. ಮರೆತಿದ್ದಕ್ಕೆ, ತಡವಾಗಿದ್ದಕ್ಕೆಲ್ಲ ಇಲ್ಲ. ಇವನು ಈ ಮನೇನ ಬೋಳಿಸಿಕೊಂಡು ಹೋಗಿದ್ದಿದ್ರೆ ಎಲ್ಲ ಸಾಮಾನಿಗೂ ಬರ್ತಿತ್ತು."

ಮಂಜಿನ ಕೋಲೊಂದು ಟಪ್ಪೆಂದು ಬಿತ್ತು. ಆಮೇಲೆ ಫೋನಿನಿಂದ ಡೋರೀನಳ ಧ್ವನಿ ತುಂಬ ಮೃದುವಾಗಿ ಬಂತು.

"ಓರೆಸ್ಟ್, ಮಗಾ, ನೀನೇನಾದ್ರೂ ಕದ್ದಿದೀಯಾ?"

"ಇಲ್ಲ ಡೋರೀನ್."

"ಚೆನ್ನಾಗಿ ಯೋಚನೆ ಮಾಡು."

"ಇಲ್ಲ. ಒಂದು ಸೂಜಿ ಕೂಡ ಇಲ್ಲ."

"ಹದಿನೆಂಟು ವರ್ಷ ನಿನ್ನನ್ನ ನಂಬಿದೆ. ನನಗೋಸ್ಕರ ಇಷ್ಟೂ ಮಾಡಲ್ವಾ?"

ವರ್ನಾ ತೋಳೇರಿಸಿದಳು. "ಈಗಲೂ ಹೊತ್ತು ಮೀರಿಲ್ಲ. ಟೀವಿ ಎತ್ಕೊಂಡು ನಡಿ. ನಾನು ಕಣ್ಣಾರೆ ನೋಡ್ದೆ ಅಂತೀನಿ. ದುರ್ಬೀನು ಇದೆ ನನ್ನ ಹತ್ರ!"

"ಸೋಫಾನೂ ಸೇರಿಸಿ" ಎಂದರು ಗುಂಪಿನಲ್ಲಿ ಯಾರೋ.

"ಪಿಯಾನೊ?"

"ಪಿಯಾನೊ ಹೆಗಲ ಮೇಲೆ ಹೊತ್ಕೊಂಡು ಹೋದ್ನಾ?"

"ಅವತ್ತು ಬೀಟ್‌ರೂಟಿನ ಎಲೆ ಹೊರಲಿಲ್ವಾ? ಅಭ್ಯಾಸ ಇದೆ ಅವನಿಗೆ."

ಬೆಳಿಗ್ಗೆ ಸಾಕ್ಷಿ ಹೇಳಲು ಸಿಗದೆ ಮುನಿಸಿಕೊಂಡಿದ್ದ ಹದಿನಾಲ್ಕೂ ಜನ ಈಗ ಓರೆಸ್ಟ್ ಕಳ್ಳನೆಂದು ಸಾಕ್ಷಿ ಹೇಳಲು ಮುಂದೆ ಬಂದರು. ಸಂಬಂಧಿಕರಾದರೂ ಇದಕ್ಕೆ ಅಡ್ಡಿಯಿರಲಿಲ್ಲ. ಮರ್ಸಿಯೆ ಎರಡೂ ಕಿವಿ ಮುಚ್ಚಿಕೊಂಡು, "ನಾನು ಏನೂ ಕೇಳಿಸಿಕೊಳ್ತಿಲ್ಲ" ಎನ್ನುತ್ತ ಮಂಜಿನ ಸೋಫಾದ ಕಡೆ ತಿರುಗಿ ನಿಂತ.

"ಕೊಟ್ಟಿದ್ದನ್ನೆಲ್ಲ ಕಂಪನಿ ಇವನಿಂದಲೇ ವಸೂಲಿ ಮಾಡುತ್ತೆ" ಎಂದು ಕ್ಲಿಫ್ ನೆನಪಿಸಿದ. "ಆಮೇಲೆ ಇವನನ್ನ ಜನ್ಮದಲ್ಲಿ ಯಾರೂ ಬಾಂಡ್ ಮಾಡಲ್ಲ."

"ಅದರ ಚಿಂತೆ ಬೇಡ" ಎಂದಳು ಕೆಂಡ್ರಾ, ಫೋನಿನಿಂದ ತಲೆಯೆತ್ತದೆ. ಮಧ್ಯಾಹ್ನದಿಂದ ಅದು ಟಿಣ್ ಟಿಣ್ ಎನ್ನುತ್ತಲೇ ಇತ್ತು, ಅವಳು ತೆರೆದು ನೋಡಿದ್ದು ಈಗ. "ಉಳಿದ ಒಂಬತ್ತು ಮನೆಯವರೂ ಬಿಟ್ಟಿದಾರೆ. ಪೊಲೀಸರು ವಿಚಾರಿಸ್ತಿರೋ ಮನುಷ್ಯ ನಮಗೆ ಬೇಡ ಅಂತ. ಒಬ್ಬರು ಏನೋ ಪೈ ಅಂತ ಬರೆದಿದಾರೆ. ಆ ಜಾಕೆಟ್ಟು ಕೊಡ್ತೀರಾ ಮಿಸ್ಟರ್ ಬೋಡ್ನಾರ್?"

ಓರೆಸ್ಟ್ ಜಾಕೆಟ್ಟು ಬಿಚ್ಚಿ ನೀಟಾಗಿ ಮಡಿಸಿ ಕೊಟ್ಟ. ಕಾಗದ ಮಾತ್ರ ಅವನ ಕೈಯಲ್ಲೇ ಉಳಿಯಿತು. ಅದರಲ್ಲಿ ಅವನು ಕಳ್ಳನಲ್ಲವೆಂದು ಮೊಹರು ಒತ್ತಿತ್ತು, ಮತ್ತು ಅವನು ಕಳ್ಳನ ಹೊರತು ಬೇರೆ ಏನೇ ಆದರೂ ಅದಕ್ಕೆ ಬೆಲೆಯಿರಲಿಲ್ಲ. ಸ್ಟೆಫಾ ಏಪ್ರನ್ನಿನಿಂದ ಮೂಗೊರೆಸಿಕೊಂಡು, ಕ್ಯಾಲ್ಗರಿಯ ನಂಬರು ಒತ್ತಲು ಬದಿಗೆ ಹೋದಳು. ಬ್ರೆಂಟ್ ಎತ್ತಿಕೊಂಡ. ಪೈಪುಗಳು ಯಾಕೆ ಒಡೆಯುತ್ತವೆ ಎಂದು ಅವನು ವಿವರಿಸಲಾರಂಭಿಸಿದ್ದು ಎಲ್ಲರಿಗೂ ಕೇಳಿಸಿತು.

ಒಬ್ಬೊಬ್ಬರೇ ಮನೆಗೆ ಹೋದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ವರ್ನಾಳ ಕೈಯಿಂದ ಫೋನು ಓರೆಸ್ಟನ ಕೈಗೆ ಬಂದಿತ್ತು. ಅತ್ತ ಕಡೆ ಡೋರೀನ್ ಇನ್ನೂ ಇದ್ದಳು.

"ಮನೆಯಲ್ಲಿ ಏನಾದ್ರೂ ಉಳಿದಿದೆಯಾ ಓರೆಸ್ಟ್?"

ಅವನು ಊಟದ ಕೋಣೆಗೆ ಹೋದ. ಕಿಟಕಿಯ ಬಳಿ ಜರೀಗಿಡ, ಒಂದು ಎಲೆಯೂ ಉದುರದೆ, ಗಾಜಿನಲ್ಲಿ ಎರಕ ಹೊಯ್ದಂತೆ ನಿಂತಿತ್ತು. ಮುಟ್ಟಿದರೆ ಮುರಿಯುವ ಹಾಗಿತ್ತು. ಅವನು ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಬೇಲಿ ದಾಟಿ ವರ್ನಾಳ ಅಡುಗೆಮನೆಗೆ ಹೋಗಿ, ಒಂದು ಲೋಟ ಬೆಚ್ಚಗಿನ ನೀರು ಕೇಳಿ ತಂದ. ತರುವಾಗ ಎರಡು ಸಲ ಜಾರಿದರೂ ಒಂದು ಹನಿ ಚೆಲ್ಲಲಿಲ್ಲ. ಕುಂಡದ ಮಣ್ಣು ಕಲ್ಲಾಗಿತ್ತು. ನಿಧಾನವಾಗಿ ಸುತ್ತಲೂ ಹೊಯ್ದ. ನೀರು ಇಳಿಯದೆ ಮೇಲೆಯೇ ನಿಂತಿತು.

"ಡೋರೀನ್" ಎಂದ ಅವನು ಫೋನಿನಲ್ಲಿ. "ಗಿಡಕ್ಕೆ ನೀರು ಹಾಕ್ದೆ."